ಮಳೆಗಾಲ ದಾಟುವ ಮನೆ ಸರ್ವರ್

ಆರಿದ್ರಾ ಮಳೆ ಹಿಡಿದ ರಾತ್ರಿ. ಸಂಜೆ ಆರಕ್ಕೆ ಹೋದ ಕರೆಂಟು ಬೆಳಗಿನ ಜಾವ ನಾಲ್ಕಕ್ಕೆ ಬರುತ್ತದೆ, ಬಂದ ಹತ್ತು ನಿಮಿಷದೊಳಗೆ ಇನ್ನೆರಡು ಸಲ ಹೋಗಿ ಬರುತ್ತದೆ. ಮನೆಯಲ್ಲಿ ಇರುವವರು ಅಪ್ಪ, ಅಮ್ಮ, ಅಜ್ಜಿ. ನೆಟ್‌ವರ್ಕ್ ಕಟ್ಟಿಕೊಟ್ಟ ಮಗನೋ ಮಗಳೋ ಬೆಂಗಳೂರಿನಲ್ಲಿ. ಬೆಳಿಗ್ಗೆ ಏಳಕ್ಕೆ ಅಮ್ಮ ಫೋನು ತೆರೆದಾಗ ವೈಫೈ ಇರಬೇಕು, ಮೊಮ್ಮಗಳ ಫೋಟೊ ಕಾಣಬೇಕು, ಅದಕ್ಕಾಗಿ ಯಾರೂ ಯಾರನ್ನೂ ಎಬ್ಬಿಸಿರಬಾರದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಯಾಗಲಿ, ಕಾರವಾರ, ಅಂಕೋಲಾ, ಕುಮಟಾದ ಕಡಲಂಚಿನ ಮನೆಯಾಗಲಿ, ಸ್ವಂತ ಸರ್ವರ್ ಇಡುವವರು ಪಾಸಾಗಬೇಕಾದ ಪರೀಕ್ಷೆ ಇದು. ಪೆಟ್ಟಿಗೆ, ತಂತಿ, ತಂತ್ರಾಂಶ ಯಾವುದನ್ನು ಆರಿಸುವಾಗಲೂ ಈ ರಾತ್ರಿಯನ್ನು ಕಣ್ಣ ಮುಂದಿಟ್ಟುಕೊಳ್ಳಿ.

ಮೊದಲು ಯಾವ ಪೆಟ್ಟಿಗೆ ಏನು ಮಾಡುತ್ತದೆ ಎಂದು ನೋಡೋಣ. ಕಂಬದಿಂದ ಬರುವ ಫೈಬರ್ ಎಳೆ ಓಎನ್‌ಟಿ ಎಂಬ ಪೆಟ್ಟಿಗೆಗೆ ಬಂದು ಸೇರುತ್ತದೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದರ ಕೆಲಸ. ಅದರ ಹಿಂದೆ ರೂಟರ್: ಮನೆಯ ಪ್ರತಿ ಫೋನಿಗೂ ಟಿವಿಗೂ ಒಂದೊಂದು ವಿಳಾಸ ಕೊಟ್ಟು, ಒಳಗಿನ ಕೋರಿಕೆಯನ್ನು ಹೊರಗೆ ಕಳಿಸಿ, ಬಂದ ಉತ್ತರವನ್ನು ಕೇಳಿದವರಿಗೇ ತಲುಪಿಸುತ್ತದೆ. ರೂಟರ್‌ನ ಹಿಂದೆ ಸ್ವಿಚ್ಚು, ವೈಫೈ ಹರಡುವ ಆಕ್ಸೆಸ್ ಪಾಯಿಂಟುಗಳು. ಇಷ್ಟಿದ್ದರೆ ಇಂಟರ್ನೆಟ್ ಆಯಿತು. ಇವುಗಳ ಪಕ್ಕದಲ್ಲಿ ಸದಾ ಚಾಲೂ ಇರುವ ಒಂದು ಸಣ್ಣ ಕಂಪ್ಯೂಟರ್ ಇಟ್ಟು, ಅದರಲ್ಲಿ ಮನೆಯವರ ಫೋಟೊ, ಪಹಣಿ ಮತ್ತು ಸೊಸೈಟಿ ಲೆಕ್ಕದ ಸ್ಕ್ಯಾನ್ ಪ್ರತಿಗಳು, ಯಕ್ಷಗಾನದ ರೆಕಾರ್ಡಿಂಗು, ಅಂಗಳದ ಕ್ಯಾಮೆರಾ ದೃಶ್ಯ ಇವನ್ನೆಲ್ಲ ಇಟ್ಟುಕೊಂಡರೆ ಅದೇ ಮನೆ ಸರ್ವರ್. ಫೋಟೊಕ್ಕೆ ಇಮ್ಮಿಚ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್ ಅಥವಾ ಸಿಂಕ್‌ಥಿಂಗ್, ಹಾಡು-ವಿಡಿಯೊಗೆ ಜೆಲ್ಲಿಫಿನ್. ಎಲ್ಲವೂ ಉಚಿತವಾಗಿ ಸಿಗುತ್ತವೆ, ಒಂದೊಂದು ತಂತ್ರಾಂಶವನ್ನೂ ಬೇರೆ ಬೇರೆ ಗೂಡಿನಲ್ಲಿಟ್ಟು ನಡೆಸುವ ಡಾಕರ್‌ನಲ್ಲಿ ಅರ್ಧ ದಿನದಲ್ಲಿ ಕೂರಿಸಬಹುದು. ಕೂರಿಸುವುದು ಸುಲಭ, ಹತ್ತು ವರ್ಷ ನಡೆಸುವುದು ಕಷ್ಟ.

ನಡೆಸಬೇಕೆಂದರೆ ಒಂದು ನಿಯಮವನ್ನು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಬೇಕು: ಸರ್ವರ್ ಸತ್ತರೂ ಮನೆಯ ಇಂಟರ್ನೆಟ್ ನಡೆಯಬೇಕು. ಉತ್ಸಾಹದಲ್ಲಿ ಹಲವರು ರೂಟರನ್ನೇ ಸರ್ವರ್‌ನೊಳಗೆ ವರ್ಚುವಲ್ ಯಂತ್ರವಾಗಿ, ಅಂದರೆ ತಂತ್ರಾಂಶವೇ ಸೃಷ್ಟಿಸಿದ ಕಂಪ್ಯೂಟರಾಗಿ, ಕೂರಿಸುತ್ತಾರೆ, ವಿಳಾಸ ಹಂಚುವ ಡಿಎಚ್‌ಸಿಪಿಯನ್ನೂ ಜಾಲತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕುವ ಡಿಎನ್‌ಎಸ್ಸನ್ನೂ ಅದರ ಮೇಲೇ ಹೊರಿಸುತ್ತಾರೆ. ಒಂದೇ ಪೆಟ್ಟಿಗೆ, ಕಡಿಮೆ ಕರೆಂಟು, ನೋಡಲು ಅಚ್ಚುಕಟ್ಟು. ಆದರೆ ಆ ಪೆಟ್ಟಿಗೆಯ ಡಿಸ್ಕ್ ಕೆಟ್ಟ ದಿನ ಅಪ್ಪನ ಯುಪಿಐ ನಿಲ್ಲುತ್ತದೆ, ಅಮ್ಮನ ವಿಡಿಯೊ ಕರೆ ನಿಲ್ಲುತ್ತದೆ, ಸರಿಪಡಿಸಬೇಕಾದವರಿಗೆ ಒಳಗೆ ಬರುವ ದಾರಿಯೂ ಮುಚ್ಚುತ್ತದೆ. ದೂರದಲ್ಲಿದ್ದು ನಡೆಸುವ ಮನೆಗೆ ಈ ವ್ಯವಸ್ಥೆ ಬೇಡ. ರೂಟರ್ ಬೇರೆ, ಸರ್ವರ್ ಬೇರೆ ಇರಲಿ.

ಯಂತ್ರದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ, 16 ಜಿಬಿ ರ್‍ಯಾಮ್, 500 ಜಿಬಿಯ ಒಂದು ಎಸ್‌ಎಸ್‌ಡಿ, ಫೋಟೊಗಳಿಗೆ 2 ಟಿಬಿಯ ಇನ್ನೊಂದು ಡಿಸ್ಕ್ ಇದ್ದರೆ ಒಂದು ಕುಟುಂಬಕ್ಕೆ ಧಾರಾಳ. ಸುಮ್ಮನೆ ಕುಳಿತಾಗ 6ರಿಂದ 10 ವ್ಯಾಟ್ ಎಳೆಯುತ್ತದೆ. ಹಳೆಯ ಡೆಸ್ಕ್‌ಟಾಪ್ ಪುಕ್ಕಟೆ ಸಿಕ್ಕಿತೆಂದು ಇಟ್ಟರೆ 40-50 ವ್ಯಾಟ್ ತಿನ್ನುತ್ತದೆ, ಅದನ್ನು ಬ್ಯಾಟರಿಯ ಮೇಲೆ ರಾತ್ರಿಯಿಡೀ ಹೊರಲಾಗದು. ಹಳೆಯ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆಯಲ್ಲ ಎನ್ನಬಹುದು. ಸದಾ ಚಾರ್ಜಿನಲ್ಲೇ ಇರುವ ಆ ಬ್ಯಾಟರಿ ಒಂದೆರಡು ವರ್ಷದಲ್ಲಿ ಉಬ್ಬಬಹುದು, ನೋಡುವವರಿಲ್ಲದ ಮೂಲೆಯಲ್ಲಿ ಅದು ಅಪಾಯ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಬಳಸುವುದಾದರೆ ಎಸ್‌ಡಿ ಕಾರ್ಡಿನಿಂದ ನಡೆಸಬೇಡಿ, ಬರೆಯುತ್ತಿರುವಾಗ ನಾಲ್ಕಾರು ಸಲ ಕರೆಂಟು ಹೋದರೆ ಕಾರ್ಡು ಕೆಡುತ್ತದೆ.

ಕರೆಂಟಿನ ಲೆಕ್ಕ

ಓಎನ್‌ಟಿ 8 ವ್ಯಾಟ್, ರೂಟರ್ 10, ಸರ್ವರ್ 10, ಸಣ್ಣ ಸ್ವಿಚ್ಚು 3. ಒಟ್ಟು 31 ವ್ಯಾಟ್. ತಿಂಗಳಿಗೆ 22 ಯೂನಿಟ್ ಆಸುಪಾಸು. ಬಿಲ್ಲಿಗೆ ಇದು ದೊಡ್ಡ ಹೊರೆ ಆಗದು. ಕಷ್ಟವಿರುವುದು ಕರೆಂಟಿಲ್ಲದ ಗಂಟೆಗಳಲ್ಲಿ.

ಬಹುತೇಕ ಮನೆಗಳಲ್ಲಿ 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಇರುತ್ತದೆ. 12 ವೋಲ್ಟಿಗೆ 1,800 ವ್ಯಾಟ್-ಗಂಟೆ, ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅದರ ಮೇಲೆ ಎರಡು ಫ್ಯಾನು, ನಾಲ್ಕು ದೀಪ ಸೇರಿದರೆ ನಡುರಾತ್ರಿಯ ಹೊತ್ತಿಗೆ ಖಾಲಿ. ಇನ್ವರ್ಟರ್‌ನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ. ಸಾದಾ ಮೋಡಿನಲ್ಲಿ ಬದಲಾವಣೆಗೆ ತೆಗೆದುಕೊಳ್ಳುವ ಕ್ಷಣದಲ್ಲೇ ರೂಟರ್ ಒಮ್ಮೆ ಆರಿ ಹತ್ತಿಬಿಡುತ್ತದೆ.

ನಮ್ಮ ಸಲಹೆ: ನೆಟ್‌ವರ್ಕಿಗೆ ಅದರದೇ ಬ್ಯಾಟರಿ ಇರಲಿ. ಓಎನ್‌ಟಿ, ರೂಟರ್, ಹಲವು ಮಿನಿ ಪಿಸಿಗಳು ಕೂಡ 12 ವೋಲ್ಟ್ ಡಿಸಿಯಲ್ಲೇ ನಡೆಯುತ್ತವೆ. 12.8 ವೋಲ್ಟ್, 12 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎಂದರೆ ಸುಮಾರು 154 ವ್ಯಾಟ್-ಗಂಟೆ, ಬಳಕೆಗೆ ಸಿಗುವುದು 130. ಓಎನ್‌ಟಿ ಮತ್ತು ರೂಟರ್ ಮಾತ್ರ ಹೊತ್ತರೆ ಏಳು ಗಂಟೆ, ಎಲ್ಲವನ್ನೂ ಹೊತ್ತರೆ ನಾಲ್ಕು ಗಂಟೆ. ಅಂಗಡಿಯ ಸಣ್ಣ ರೂಟರ್ ಯುಪಿಎಸ್‌ಗಳಲ್ಲಿ ಇದರ ಕಾಲು ಭಾಗದಷ್ಟೂ ಇರುವುದು ಅಪರೂಪ. ಬ್ಯಾಟರಿಗೆ ನೇರವಾಗಿ ತಂತಿ ಜೋಡಿಸಬೇಡಿ. ಚಾರ್ಜ್ ಆಗುವಾಗ 14.4 ವೋಲ್ಟ್ ವರೆಗೆ ಏರುತ್ತದೆ, ಎಲ್ಲ ಸಾಧನಗಳೂ ಅದನ್ನು ತಾಳುವುದಿಲ್ಲ. ನಡುವೆ 12 ವೋಲ್ಟಿಗೆ ಕಟ್ಟಿಹಾಕುವ ಬಕ್-ಬೂಸ್ಟ್ ಕನ್ವರ್ಟರ್ ಒಂದು ಬೇಕು. ಪಿನ್ನುಗಳನ್ನೂ ಅಳೆದು ತನ್ನಿ: 5.5 ಮಿ.ಮೀ. ಹೊರವ್ಯಾಸದ ಪಿನ್ನಿನಲ್ಲಿ ಒಳತೂತು 2.1 ಮತ್ತು 2.5 ಎಂಬ ಎರಡು ಅಳತೆಯಿವೆ. 2.5ರ ಪಿನ್ನು 2.1ರ ಜಾಗದಲ್ಲಿ ಕೂತಂತೆ ಕಂಡರೂ ಸಡಿಲ. ಮೇಜು ಒರೆಸಿದಾಗ ನೆಟ್ ಹೋಗುತ್ತದೆ ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ.

ದೀರ್ಘ ಕಡಿತದಲ್ಲಿ ಸರ್ವರ್ ತಾನಾಗಿ ಮಲಗಬೇಕು, ಓಎನ್‌ಟಿ ಮತ್ತು ರೂಟರ್ ಮುಂದುವರಿಯಬೇಕು. ಯುಎಸ್‌ಬಿ ತಂತಿ ಇರುವ ಯುಪಿಎಸ್ ಆದರೆ ನಟ್ ಎಂಬ ತಂತ್ರಾಂಶ ಬ್ಯಾಟರಿ ಮಟ್ಟ ನೋಡಿ ಸರ್ವರನ್ನು ಮುಚ್ಚುತ್ತದೆ. ಡಿಸಿ ಬ್ಯಾಟರಿಗೆ ಹಾಗೆ ಹೇಳುವ ಬಾಯಿ ಇಲ್ಲ. ಅದಕ್ಕೊಂದು ಸರಳ ಉಪಾಯ: ಬ್ಯಾಕಪ್ ಇಲ್ಲದ, ನೇರ ಲೈನಿನ ಪ್ಲಗ್ಗಿಗೆ ಒಂದು ಅಗ್ಗದ ವೈಫೈ ಸ್ಮಾರ್ಟ್ ಪ್ಲಗ್ ಸಿಕ್ಕಿಸಿಡಿ. ಸರ್ವರ್ ಅದನ್ನು ನಿಮಿಷಕ್ಕೊಮ್ಮೆ ಪಿಂಗ್ ಮಾಡಲಿ, ಅಂದರೆ ಇದ್ದೀಯಾ ಎಂದು ಕೇಳಲಿ. ಇಪ್ಪತ್ತು ನಿಮಿಷ ಉತ್ತರವಿಲ್ಲದಿದ್ದರೆ, ಅದೇ ಹೊತ್ತಿನಲ್ಲಿ ರೂಟರ್ ಮಾತ್ರ ಉತ್ತರಿಸುತ್ತಿದ್ದರೆ, ಕರೆಂಟು ಹೋಗಿದೆ ಎಂದರ್ಥ. ಸರ್ವರ್ ಶಿಸ್ತಾಗಿ ಮುಚ್ಚಿಕೊಳ್ಳುತ್ತದೆ.

ಏಳುವುದು ಮಲಗುವುದಕ್ಕಿಂತ ಕಷ್ಟ. ಮಿನಿ ಪಿಸಿಯ ಬಯೋಸ್‌ನಲ್ಲಿ, ಅಂದರೆ ಯಂತ್ರ ಏಳುವಾಗ ಮೊದಲು ನಡೆಯುವ ಮೂಲ ತಂತ್ರಾಂಶದಲ್ಲಿ, ಕರೆಂಟು ಬಂದೊಡನೆ ಚಾಲೂ ಆಗು ಎಂಬ ಆಯ್ಕೆ ಇರುತ್ತದೆ, ಅದನ್ನು ಮೊದಲ ದಿನವೇ ಹಾಕಬೇಕು. ಆದರೆ ಬ್ಯಾಟರಿ ಪೂರ್ತಿ ಇಳಿಯುವ ಮೊದಲೇ ಲೈನು ಬಂದರೆ ಪಿಸಿಯ ಮಟ್ಟಿಗೆ ಕರೆಂಟು ಹೋಗಲೇ ಇಲ್ಲ! ಮುಚ್ಚಿಕೊಂಡಿದ್ದು ಹಾಗೇ ಇರುತ್ತದೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರ್ ಇಲ್ಲಿ ಕೈ ಹಿಡಿಯುತ್ತದೆ. ಸ್ಮಾರ್ಟ್ ಪ್ಲಗ್ ಹತ್ತು ನಿಮಿಷ ಸತತ ಉತ್ತರ ಕೊಟ್ಟ ಮೇಲೆ ರೂಟರ್‌ನಿಂದ ಸರ್ವರ್‌ಗೆ ಮಲಗಿದ ಯಂತ್ರವನ್ನು ತಂತಿಯ ಮೂಲಕ ಎಬ್ಬಿಸುವ ವೇಕ್-ಆನ್-ಲ್ಯಾನ್ ಸಂಕೇತ ಹೋಗುವಂತೆ ಒಂದು ಪುಟ್ಟ ಸ್ಕ್ರಿಪ್ಟ್ ಸಾಕು. ಹತ್ತು ನಿಮಿಷ ಕಾಯುವುದು ಮುಖ್ಯ, ಬಂದ ಕರೆಂಟು ಮತ್ತೆರಡು ಸಲ ಹೋಗಿಬರುವುದು ನಮ್ಮಲ್ಲಿ ಮಾಮೂಲು.

ಮತ್ತೆ ಎರಡು ಸಣ್ಣ ಸಂಗತಿ, ಎರಡೂ ವರ್ಷಗಳ ಮೇಲೆ ಕಾಡುವಂಥವು. ಮಿನಿ ಪಿಸಿಯೊಳಗಿನ ಸಿಆರ್2032 ಗುಂಡಿ ಬ್ಯಾಟರಿ ಬತ್ತಿದಾಗ ದೀರ್ಘ ಕಡಿತದ ನಂತರ ಬಯೋಸ್ ತನ್ನ ಆಯ್ಕೆಗಳನ್ನೆಲ್ಲ ಮರೆಯುತ್ತದೆ, ತಾನಾಗಿ ಏಳುವ ಆಯ್ಕೆಯನ್ನೂ. ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸಿಬಿಡಿ. ರಾಸ್ಪ್‌ಬೆರಿ ಪೈ 4ರಲ್ಲಿ ಗಡಿಯಾರವನ್ನು ಕಾಯುವ ಬ್ಯಾಟರಿಯೇ ಇಲ್ಲ, ಪೈ 5ರಲ್ಲಿ ಗಡಿಯಾರವಿದ್ದರೂ ಅದಕ್ಕೆ ಬ್ಯಾಟರಿ ಬೇರೆ ಕೊಳ್ಳಬೇಕು. ಕರೆಂಟು ಹೋಗಿ ಬಂದಾಗ ಅದು ಹಿಂದಿನ ಯಾವುದೋ ಹೊತ್ತನ್ನು ಈಗ ಎಂದು ತಿಳಿಯುತ್ತದೆ. ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ನೋಡುವ ಡಿಎನ್‌ಎಸ್‌ಸೆಕ್ ಪರಿಶೀಲನೆ ಹಾಕಿಟ್ಟಿದ್ದರೆ ತಪ್ಪು ಸಮಯದ ಕಾರಣ ಹೆಸರುಗಳು ಸಿಗುವುದಿಲ್ಲ. ಸರಿಯಾದ ಸಮಯ ಕೇಳಲು ಸಮಯದ ಸರ್ವರ್‌ನ ಹೆಸರು ಸಿಗಬೇಕು, ಅದೂ ಸಿಗುವುದಿಲ್ಲ. ಎರಡೂ ಒಂದನ್ನೊಂದು ಕಾಯುತ್ತ ಕೂರುತ್ತವೆ. ಸಮಯದ ಸರ್ವರ್‌ಗಳಲ್ಲಿ ಒಂದನ್ನಾದರೂ ಹೆಸರಿನ ಬದಲು ಅಂಕಿಯ ವಿಳಾಸದಲ್ಲಿ ಕೊಟ್ಟಿದ್ದರೆ ಗಂಟು ಬಿಡುತ್ತದೆ.

ಸರ್ವರ್ ಎದ್ದ ಮೇಲೂ ಒಂದು ಅಪಾಯ ಉಂಟು. ಫೋಟೊಗಳಿರುವ ಯುಎಸ್‌ಬಿ ಡಿಸ್ಕ್ ಕೆಲವೊಮ್ಮೆ ತಡವಾಗಿ ಎಚ್ಚರಗೊಳ್ಳುತ್ತದೆ. ಅಷ್ಟರಲ್ಲಿ ಡಾಕರ್ ಶುರುವಾದರೆ ಡಿಸ್ಕ್ ಇರಬೇಕಾದ ಜಾಗದಲ್ಲಿ ಖಾಲಿ ಫೋಲ್ಡರನ್ನೇ ನಿಜವೆಂದು ನಂಬುತ್ತದೆ. ಮನೆಯವರಿಗೆ ಫೋಟೊಗಳೆಲ್ಲ ಮಾಯವಾದಂತೆ ಕಾಣುತ್ತದೆ, ಹೊಸ ಫೋಟೊಗಳು ಒಳಗಿನ ಸಣ್ಣ ಎಸ್‌ಎಸ್‌ಡಿಯಲ್ಲಿ ತುಂಬುತ್ತವೆ. ಯಾವುದೂ ಹೋಗಿರುವುದಿಲ್ಲ, ಆದರೆ ಬಿಡಿಸಲು ಒಂದು ಭಾನುವಾರ ಬೇಕು. ಡಿಸ್ಕ್ ಜೋಡಣೆಯಾಗದ ಹೊರತು ಡಾಕರ್ ಶುರುವಾಗಬಾರದು ಎಂದು ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿಯಲ್ಲಿ ಒಂದು ಸಾಲು ಬರೆದಿಟ್ಟರೆ ಇದು ಎಂದೂ ಆಗದು.

ಸಿಡಿಲು, ತಂತಿ, ತೇವ

ಇಲ್ಲಿ ಯಂತ್ರಗಳನ್ನು ಕೊಲ್ಲುವುದು ಜುಲೈನ ಮಳೆಗಿಂತ ಹೆಚ್ಚಾಗಿ ಭರಣಿ-ಕೃತ್ತಿಕೆಯ ಗುಡುಗು, ಆಮೇಲೆ ಹಸ್ತ-ಚಿತ್ತೆಯ ಗುಡುಗು. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ತುಸು ದೂರದ ತೆಂಗಿನ ಮರಕ್ಕೆ ಬಡಿದರೂ ನೆಲದ ಮೇಲಿರುವ ಉದ್ದನೆಯ ತಾಮ್ರದ ತಂತಿಯಲ್ಲೆಲ್ಲ ವಿದ್ಯುತ್ ಒತ್ತಡ ಹುಟ್ಟುತ್ತದೆ. ಮನೆಯಿಂದ ಕೊಟ್ಟಿಗೆಗೆ, ಗೇಟಿನ ಕ್ಯಾಮೆರಾಗೆ, ತೋಟದ ಪಂಪ್ ಶೆಡ್ಡಿಗೆ ಎಳೆದ ಈಥರ್ನೆಟ್ ತಂತಿ ಸಿಡಿಲಿಗೆ ಹಾಸಿದ ದಾರಿ. ಎರಡು ಕಟ್ಟಡಗಳ ನಡುವೆ ತಾಮ್ರ ಬೇಡವೇ ಬೇಡ, ಫೈಬರ್ ಎಳೆಯಿರಿ. ಎರಡು ತುದಿಗೆ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಅದಲುಬದಲು ಮಾಡುವ ಎರಡು ಮೀಡಿಯಾ ಕನ್ವರ್ಟರ್, ನಡುವೆ ಡ್ರಾಪ್ ಕೇಬಲ್ ಎಂಬ ತೆಳು ಫೈಬರ್ ತಂತಿ. ತಾಮ್ರಕ್ಕಿರುವ 100 ಮೀಟರಿನ ಮಿತಿಯೂ ತಪ್ಪುತ್ತದೆ, ಹಳ್ಳದಾಚೆಯ ತೋಟದ ವರೆಗೂ ಒಯ್ಯಬಹುದು.

ಫೈಬರ್ ಎಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆಯಿಲ್ಲ. ಕಂಬದಿಂದ ಕಂಬಕ್ಕೆ ತೂಗುವ ಡ್ರಾಪ್ ಕೇಬಲ್‌ಗೆ ಅನೇಕ ಸಲ ಉಕ್ಕಿನ ಆಧಾರ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೋಡೆಯಲ್ಲೇ ಕತ್ತರಿಸಿ ಕೊಕ್ಕೆಗೆ ಕಟ್ಟಿ, ಗಾಜಿನ ಎಳೆಯಿರುವ ಭಾಗ ಮಾತ್ರ ಒಳಗೆ ಬರುವಂತೆ ಹೇಳಿ ಮಾಡಿಸಿ. ಸ್ವಂತಕ್ಕೆ ಕೊಳ್ಳುವಾಗ ಉಕ್ಕಿನ ಬದಲು ಎಫ್‌ಆರ್‌ಪಿ (ನಾರು ಬೆರೆತ ಪ್ಲಾಸ್ಟಿಕ್) ಕಡ್ಡಿಯಿರುವ ಕೇಬಲ್ ಕೇಳಿ.

ಮೀಟರ್ ಬೋರ್ಡಿನ ಪಕ್ಕ, ಲೈನಿನಲ್ಲಿ ಹಠಾತ್ತಾಗಿ ನುಗ್ಗುವ ವೋಲ್ಟೇಜನ್ನು ಅರ್ಥಿಗೆ ಹರಿಸುವ ಟೈಪ್ 2 ಸರ್ಜ್ ರಕ್ಷಕ ಕೂರಿಸಬೇಕು. ಅದಕ್ಕೆ ಹೋಗುವ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು. ಉದ್ದವಾದಷ್ಟೂ ರಕ್ಷಣೆ ಕುಗ್ಗುತ್ತದೆ. ಅದರ ಪುಟ್ಟ ಕಿಟಕಿ ಹಸಿರಿದ್ದರೆ ಸರಿ, ಕೆಂಪಾದರೆ ತನ್ನ ಕೆಲಸ ಮಾಡಿ ಸತ್ತಿದೆ ಎಂದು ತಿಳಿದು ಬದಲಿಸಬೇಕು. ಅರ್ಥಿಂಗ್ ಚೆನ್ನಾಗಿಲ್ಲದಿದ್ದರೆ ಇದೆಲ್ಲ ಗೋಡೆಯ ಅಲಂಕಾರ. ನಮ್ಮ ಜಂಬಿಟ್ಟಿಗೆ ಮಣ್ಣು ಏಪ್ರಿಲ್-ಮೇನಲ್ಲಿ ಒಣಗಿ, ಸರಿಯಾಗಿ ಗುಡುಗಿನ ದಿನಗಳಲ್ಲೇ ವಿದ್ಯುತ್ತನ್ನು ಸರಾಗವಾಗಿ ಬಿಡುವುದಿಲ್ಲ. ಅರ್ಥ್ ಗುಂಡಿಗೆ ಆ ಎರಡು ತಿಂಗಳು ವಾರಕ್ಕೆರಡು ಸಲ ಎರಡು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಬಳಿ ಅಳೆಸಿದರೆ 5 ಓಮ್‌ಗಿಂತ ಕಡಿಮೆ ಬರಬೇಕು. ಸರ್ವರ್‌ಗೆಂದು ಬೇರೆಯೇ ಗುಂಡಿ ತೋಡಿ, ಮನೆಯ ಅರ್ಥಿಗೆ ಸೇರಿಸದೆ ಬಿಡುವುದು ದೊಡ್ಡ ತಪ್ಪು. ಸಿಡಿಲಿನ ಹೊತ್ತಿಗೆ ಎರಡು ಗುಂಡಿಗಳ ನಡುವಿನ ವೋಲ್ಟೇಜ್ ನಿಮ್ಮ ಯಂತ್ರದೊಳಗೇ ಹಾದುಹೋಗುತ್ತದೆ.

ಇಷ್ಟಾದರೂ ಹತ್ತಿರದ ಸಿಡಿಲಿಗೆ ಖಚಿತ ಮದ್ದು ಪ್ಲಗ್ ಕೀಳುವುದೇ. ಮೋಡ ಕಟ್ಟುವಾಗಲೇ ಕೀಳಬೇಕು, ತಲೆ ಮೇಲೆ ಗುಡುಗುವಾಗ ಪ್ಲಗ್ ಮುಟ್ಟಬಾರದು. ಸ್ವಿಚ್ ಆರಿಸಿದರೆ ಸಾಲದು. ನ್ಯೂಟ್ರಲ್, ಅರ್ಥ್ ತಂತಿಗಳು ಜೋಡಣೆಯಲ್ಲೇ ಇರುತ್ತವೆ. ಹೊರಗಿನಿಂದ ಬರುವ ತಾಮ್ರದ ತಂತಿ ಯಾವುದೇ ಇದ್ದರೂ, ಡಿಶ್ ಕೇಬಲ್ ಸೇರಿ, ಬಿಚ್ಚಬೇಕು. ಎಲ್ಲ ಪೆಟ್ಟಿಗೆಗಳೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದರೆ ಕೀಳಬೇಕಾದದ್ದು ಒಂದೇ ಪ್ಲಗ್, ನೆಟ್‌ವರ್ಕು ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ. ಬ್ಯಾಟರಿಗೆ ಖರ್ಚು ಮಾಡಲು ಇದು ಇನ್ನೊಂದು ಒಳ್ಳೆಯ ಕಾರಣ.

ತೇವದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮಳೆಗಾಲದಲ್ಲಿ ಬಳಸದ ಯಂತ್ರವನ್ನು ಆರಿಸಿಟ್ಟರೆ ಸುರಕ್ಷಿತ ಎನ್ನುತ್ತಾರೆ. ಆಗುವುದು ತಿರುಗಾಮುರುಗ. 25 ಡಿಗ್ರಿಯಲ್ಲಿ ಶೇ. 95 ತೇವವಿರುವ ಗಾಳಿ ಪೆಟ್ಟಿಗೆಯೊಳಗೆ 35 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ತೇವ ಶೇ. 54ರ ಆಸುಪಾಸಿಗೆ ಇಳಿಯುತ್ತದೆ. ಸದಾ ಚಾಲೂ ಇರುವ ಯಂತ್ರ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಕಪಾಟಿನಲ್ಲಿ ಸುಮ್ಮನೆ ಮಲಗಿದ ಬ್ಯಾಕಪ್ ಡಿಸ್ಕಿಗೇ ಬೂಸಲು ಹಿಡಿಯುವುದು. ಅದನ್ನು ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬೆಚ್ಚಗಿನ ಜಾಗವನ್ನು ಇರುವೆಗಳೂ ಹುಡುಕುತ್ತವೆ. ರೂಟರ್‌ನ ಗಾಳಿ ಕಿಂಡಿಯೊಳಗೆ ಮೊಟ್ಟೆ ಸಮೇತ ಸೇರಿಕೊಳ್ಳುತ್ತವೆ. ಪೆಟ್ಟಿಗೆಯನ್ನು ಗೋಡೆಗೆ ಒತ್ತದಂತೆ ತುಸು ಅಂತರದಲ್ಲಿ ತೂಗುಹಾಕಿ, ತಂತಿಗಳ ಸುತ್ತ ಸೀಮೆಸುಣ್ಣದ ಇರುವೆಮದ್ದು ಎಳೆದರೆ ಸಾಕಾಗುತ್ತದೆ. ಅಡಿಕೆ ಒಣಗಿಸುವ ಅಟ್ಟ, ಹೊಗೆ ತಾಕುವ ಅಡಿಗೆಮನೆಯ ಮೇಲ್ಭಾಗ ಯಂತ್ರಕ್ಕೆ ಸಲ್ಲದು.

ಕಾರವಾರದ ಕಡೆಗೆ ಉಪ್ಪಿನ ಗಾಳಿಯೇ ಬೇರೆ ಕತೆ. ಕಡಲಿಗೆ ಮುಖ ಮಾಡಿದ ಕೋಣೆಯಲ್ಲಿ ಖಾಲಿ ಬಿಟ್ಟ ಯುಎಸ್‌ಬಿ, ಈಥರ್ನೆಟ್ ಕಿಂಡಿಗಳ ಒಳಗೆ ಹಸಿರು ಕಿಲುಬು ಏರುತ್ತದೆ. ರಬ್ಬರ್ ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಪೂರ್ವ ಬದಿಯ ಒಳಕೋಣೆಗೆ ತನ್ನಿ. ತಂತಿ ಕೊಳ್ಳುವಾಗ ಸಿಸಿಎ ಎಂದು ಬರೆದ, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದನ್ನು ಮುಟ್ಟಬೇಡಿ. ಉಪ್ಪು ತಾಗಿದ ತುದಿಯಲ್ಲಿ ಅಲ್ಯೂಮಿನಿಯಂ ಪುಡಿಯಾಗಿ, 1,000 ಎಂಬಿಪಿಎಸ್‌ನ ಸಂಪರ್ಕ ಒಂದು ದಿನ ಸದ್ದಿಲ್ಲದೆ 100ಕ್ಕೆ ಇಳಿದಿರುತ್ತದೆ. ಪೂರ್ತಿ ತಾಮ್ರದ ಕ್ಯಾಟ್ 6, ಹೊರಗೆ ಹಾಯುವುದಾದರೆ ಕಪ್ಪು ಪಾಲಿಥಿನ್ ಹೊದಿಕೆಯದು.

ಫೈಬರ್‌ನ ಆರೋಗ್ಯ ತಿಳಿಯಲು ಓಎನ್‌ಟಿಯ ಪುಟದಲ್ಲಿ ಬಂದು ತಲುಪುವ ಬೆಳಕಿನ ಬಲ ಹೇಳುವ ಆರ್‌ಎಕ್ಸ್ ಪವರ್ ಎಂಬ ಅಂಕಿ ಇರುತ್ತದೆ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಆರಾಮ, ಮೈನಸ್ 27 ದಾಟಿದರೆ ಕೆಂಪು ದೀಪ ಮಿಣುಕುವ ದಿನ ದೂರವಿಲ್ಲ. ಬೇಸಿಗೆಯಲ್ಲಿ ಆ ಅಂಕಿ ಬರೆದಿಟ್ಟುಕೊಳ್ಳಿ. ಮಳೆಯಲ್ಲಿ 3 ಡಿಬಿ ಇಳಿದಿದ್ದರೆ ಬರುವ ಬೆಳಕು ಅರ್ಧವಾಗಿದೆ ಎಂದರ್ಥ. ಎಲ್ಲೋ ಜೋಡಣೆಗೆ ನೀರು ಸೇರಿದೆ, ಕೊಂಬೆ ಬಿದ್ದು ಕೇಬಲ್ ಬಾಗಿದೆ, ಅಥವಾ ತುದಿ ಕೊಳೆಯಾಗಿದೆ. ದೂರು ಕೊಡುವಾಗ ನೆಟ್ ನಿಧಾನ ಎನ್ನುವುದಕ್ಕಿಂತ ಈ ಎರಡು ಅಂಕಿ ಹೇಳಿದರೆ ಲೈನ್‌ಮನ್ ನೇರ ಜಾಗಕ್ಕೆ ಹೋಗುತ್ತಾರೆ. ಹಸಿರು ತುದಿಯ ಕನೆಕ್ಟರ್‌ಗೆ ನೀಲಿಯದನ್ನು ಸೇರಿಸಬಾರದು. ಹಸಿರಿನ ಮುಖ ಓರೆ, ನೀಲಿಯದು ನೇರ, ನಡುವೆ ಬೆಳಕು ಸೋರುತ್ತದೆ.

ವೈಫೈ ಬಗ್ಗೆ ಒಂದೇ ಮಾತು. ಒಂದಡಿ ದಪ್ಪದ, ಮಳೆಗಾಲದಲ್ಲಿ ನೀರು ಹೀರಿದ ಚಿರೇಕಲ್ಲಿನ ಗೋಡೆಯನ್ನು 5 ಗಿಗಾಹರ್ಟ್ಸ್ ದಾಟುವುದು ಕಷ್ಟ, ಎರಡು ಗೋಡೆ ದಾಟದು. ನಾಲ್ಕು ಆಂಟೆನಾದ ದುಬಾರಿ ರೂಟರ್ ಇದನ್ನು ಬದಲಿಸದು. ಜಗಲಿಗೊಂದು, ಹಿಂಬದಿಗೊಂದು ಸಾಧಾರಣ ಆಕ್ಸೆಸ್ ಪಾಯಿಂಟ್ ಇಟ್ಟು, ಮಾಡಿನ ಕೆಳಗಿನ ತೊಲೆಗುಂಟ ತಂತಿ ಎಳೆದು ಸೇರಿಸಿ.

ವಿಳಾಸಗಳು, ಹೊರಗಿನ ದಾರಿ

ಮನೆಯ ವಿಳಾಸಗಳಿಗೆ 192.168.1 ಎಂಬ ಸರಣಿ ಬೇಡ. ಬೆಂಗಳೂರಿನ ಬಾಡಿಗೆ ಮನೆಯಲ್ಲೂ ಅದೇ ಇರುತ್ತದೆ, ದೂರದಿಂದ ಮನೆಯ ಜಾಲಕ್ಕೆ ಸೇರಿಸುವ ವಿಪಿಎನ್ ಹಾಕಿದಾಗ ಯಾವ ಮನೆಯ 192.168.1.10 ಎಂದು ಫೋನಿಗೆ ತಿಳಿಯದು. 10.37.20 ಎಂಬಂಥ ಯಾರೂ ಬಳಸದ ಸರಣಿ ಹಿಡಿಯಿರಿ. ಸರ್ವರ್‌ಗೆ, ಕ್ಯಾಮೆರಾಗಳಿಗೆ ರೂಟರ್‌ನಲ್ಲೇ ಕಾಯಂ ವಿಳಾಸ ಗೊತ್ತುಮಾಡಿ. ಕ್ಯಾಮೆರಾಗಳಿಗೆ ಹೊರಗಿನ ಇಂಟರ್ನೆಟ್ ಮುಚ್ಚಿಬಿಡಿ. ಅವು ಸರ್ವರ್‌ಗಷ್ಟೇ ಚಿತ್ರ ಕೊಟ್ಟರೆ ಸಾಕು. 2 ಎಂಬಿಪಿಎಸ್‌ನ ನಾಲ್ಕು ಕ್ಯಾಮೆರಾ ದಿನಕ್ಕೆ 86 ಜಿಬಿ ಬರೆಯುತ್ತವೆ, 1 ಟಿಬಿ ಡಿಸ್ಕ್ ಹನ್ನೊಂದೂವರೆ ದಿನದಲ್ಲಿ ತುಂಬುತ್ತದೆ. ಅದನ್ನು ಫೋಟೊಗಳ ಡಿಸ್ಕಿನಲ್ಲಿ ಬೆರೆಸಬೇಡಿ.

ಜಾಹೀರಾತು ತಡೆಯಲು ಪೈ-ಹೋಲ್ ಅಥವಾ ಆಡ್‌ಗಾರ್ಡ್ ಹೋಮ್ ಹಾಕುವ ಆಸೆ ಎಲ್ಲರಿಗೂ. ಅದನ್ನು ಸರ್ವರ್‌ನಲ್ಲಿ ಹಾಕಿ, ಅದು ಸತ್ತರೆ ಇರಲಿ ಎಂದು ಎರಡನೆಯ ಡಿಎನ್‌ಎಸ್ ಆಗಿ ಹೊರಗಿನ ಸಾರ್ವಜನಿಕ ಸರ್ವರ್ 1.1.1.1 ಕೊಡುತ್ತಾರೆ. ಎರಡನೆಯದು ಮೊದಲನೆಯದು ಸತ್ತಾಗ ಮಾತ್ರ ಎಂದು ಫೋನುಗಳು ತಿಳಿಯುವುದಿಲ್ಲ, ಮನಸ್ಸು ಬಂದವರನ್ನು ಕೇಳುತ್ತವೆ. ಜಾಹೀರಾತು ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಮನೆಯೊಳಗಿನ ಹೆಸರು ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಓಪನ್‌ಡಬ್ಲ್ಯೂಆರ್‌ಟಿ ರೂಟರ್‌ನಲ್ಲೇ ತಡೆಪಟ್ಟಿ ಹಾಕಿ, ಮನೆಯ ಹೆಸರುಗಳನ್ನೂ ಅಲ್ಲೇ ಬರೆದರೆ ಮೊದಲ ನಿಯಮ ಉಳಿಯುತ್ತದೆ.

ಇನ್ನು ಹೊರಗಿನಿಂದ ಒಳಗೆ ಬರುವ ದಾರಿ. ಹಳೆಯ ಪಾಠ ಹೇಳುವುದು ರೂಟರ್‌ನಲ್ಲಿ ಪೋರ್ಟ್ ಎಂಬ ಬಾಗಿಲು ತೆರೆಯಿರಿ ಎಂದು. ಇಲ್ಲಿನ ಅನೇಕ ಸಂಪರ್ಕಗಳಲ್ಲಿ ಅದು ನಡೆಯುವುದೇ ಇಲ್ಲ. ಇಂಟರ್ನೆಟ್ಟಿನ ಹಳೆಯ ಬಗೆಯ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅವು ಸಾಲದೆ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ವಿಳಾಸ ಹಂಚುತ್ತವೆ. ಘಟ್ಟದ ಮೇಲಿನ ಒಂಟಿಮನೆಗಳ ಟಪಾಲು ಬಸ್ ನಿಲ್ದಾಣದ ಅಂಗಡಿಯಲ್ಲಿ ಇಳಿಯುವುದುಂಟಲ್ಲ, ಹಾಗೆ. ನೀವು ಬರೆದ ಪತ್ರದ ಉತ್ತರ ಬಂದರೆ ಅಂಗಡಿಯವರು ನೆನಪಿಟ್ಟು ಕೊಡುತ್ತಾರೆ. ಯಾರೋ ತಾವಾಗಿ ಅಂಗಡಿಯ ವಿಳಾಸಕ್ಕೆ ಬರೆದರೆ ಯಾವ ಮನೆಗೆಂದು ತಿಳಿಯದೆ ಅಲ್ಲೇ ಉಳಿಯುತ್ತದೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ರೂಟರ್‌ನ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನೀವು ಅದರೊಳಗಿದ್ದೀರಿ.

ದಾಟಲು ಕುಟುಂಬಕ್ಕೆ ಹೊಂದುವ ದಾರಿ ಟೈಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ. ಮನೆಯ ಸರ್ವರ್, ಬೆಂಗಳೂರಿನ ಫೋನು ಎರಡೂ ಹೊರಗೆ ಕೈಚಾಚಿ, ನಡುವೆ ಗುಪ್ತಲಿಪಿಯ ನೇರ ಕೊಂಡಿ ಕಟ್ಟಿಕೊಳ್ಳುತ್ತವೆ. ಯಾವ ಪೋರ್ಟನ್ನೂ ತೆರೆಯಬೇಕಿಲ್ಲ. ಒಂದು ಆಯ್ಕೆ ಮರೆಯಬೇಡಿ: ಅದರ ಕೀಲಿ ಮಾಮೂಲಾಗಿ 180 ದಿನಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಹಾಕಿದ್ದು ಜುಲೈನಲ್ಲಿ, ಅತ್ತ ಹೋಗಲಾಗದ ಹೊತ್ತಿನಲ್ಲೇ ನಿಲ್ಲುತ್ತದೆ. ಸರ್ವರ್‌ಗೆ ಮಾತ್ರ ಕೀಲಿಯ ಅವಧಿಯನ್ನು ರದ್ದು ಮಾಡಿ. ಪೂರ್ತಿ ಸ್ವಂತದ್ದೇ ಬೇಕೆನ್ನುವವರು ಬಾಡಿಗೆಯ ಸಣ್ಣ ಕ್ಲೌಡ್ ಯಂತ್ರವೊಂದರಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿ, ಮನೆಯಿಂದ 25 ಸೆಕೆಂಡಿಗೊಮ್ಮೆ ಜೀವಸಂಕೇತ ಕಳಿಸುವಂತೆ ಇಡಬಹುದು. ಗಡಿಯಾರ ಹಿಂದೆ ಸರಿಯುವ ಪೈ ಇಲ್ಲೂ ಕೈಕೊಡುತ್ತದೆ. ಹಳೆಯ ಸಮಯ ಹೊತ್ತು ಬಂದ ಸಂಪರ್ಕದ ಕೋರಿಕೆಯನ್ನು ವೈರ್‌ಗಾರ್ಡ್ ಮೋಸವೆಂದು ತಿರಸ್ಕರಿಸುತ್ತದೆ. ಕ್ಲೌಡ್‌ಫ್ಲೇರ್ ಕಂಪನಿ ಕೊಡುವ, ಹೊರಗಿನಿಂದ ಮನೆಗೆ ದಾರಿ ಮಾಡುವ ಉಚಿತ ಸುರಂಗದಲ್ಲಿ 100 ಎಂಬಿಗಿಂತ ದೊಡ್ಡ ಅಪ್‌ಲೋಡ್ ಹೋಗದು, ಮದುವೆ ಮನೆಯ ವಿಡಿಯೊಗಳು ಅರ್ಧದಲ್ಲೇ ನಿಲ್ಲುತ್ತವೆ.

ನೆಟ್ ಕಡಿದ ದಿನಗಳಲ್ಲೂ ಮನೆಯೊಳಗಿನ ಫೋಟೊ, ಹಾಡು ಸಿಗುವುದೇ ಸ್ವಂತ ಸರ್ವರ್‌ನ ದೊಡ್ಡ ಸುಖ. ಆದರೆ ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಆಂಡ್ರಾಯ್ಡ್ ಫೋನು ಮೊಬೈಲ್ ಡೇಟಾಕ್ಕೆ ಹೊರಳುತ್ತದೆ. ಹೊರಳಬೇಡ ಎಂಬ ಆಯ್ಕೆಯನ್ನು ಹಿರಿಯರ ಫೋನಿನಲ್ಲಿ ಹಾಕಿಕೊಟ್ಟು ಬನ್ನಿ.

ಬ್ಯಾಕಪ್

ಒಂದರ ಪ್ರತಿ ಇನ್ನೊಂದರಲ್ಲಿರುವ ಜೋಡಿ ಡಿಸ್ಕ್ ಬ್ಯಾಕಪ್ ಅಲ್ಲ. ಒಂದೇ ಸಿಡಿಲು ಎರಡನ್ನೂ ಸುಡುತ್ತದೆ, ಒಬ್ಬರು ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಶಿರಸಿಯ ಮನೆಗೆ ಕಾರವಾರದ ಅತ್ತೆಯ ಮನೆ, ಅವರಿಗೆ ಶಿರಸಿಯದು. ರೆಸ್ಟಿಕ್ ಅಥವಾ ಗುಪ್ತಲಿಪಿಯ ಆಯ್ಕೆ ಹಾಕಿದ ಬೋರ್ಗ್ ಎಂಬ ಬ್ಯಾಕಪ್ ತಂತ್ರಾಂಶ ಬಳಸಿದರೆ ಪ್ರತಿ ಗುಪ್ತಲಿಪಿಯಲ್ಲಿ ಇರುತ್ತದೆ, ಅತ್ತೆಯ ಮನೆಯವರೂ ಓದಲಾಗದು. ಮೊದಲ ಪ್ರತಿಯನ್ನು ನೆಟ್‌ನಲ್ಲಿ ಕಳಿಸಬೇಡಿ. 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 500 ಜಿಬಿ ಹೋಗಲು 55 ಗಂಟೆಗೂ ಹೆಚ್ಚು ಬೇಕು. ಡಿಸ್ಕಿಗೆ ತುಂಬಿ, ದೇವಿಮನೆ ಘಟ್ಟ ಇಳಿಯುವಾಗ ಚೀಲದಲ್ಲಿ ಒಯ್ಯಿರಿ. ಆಮೇಲಿನ ದಿನನಿತ್ಯದ ಬದಲಾವಣೆ ಮಾತ್ರ ರಾತ್ರಿ ಹೊತ್ತು ನೆಟ್‌ನಲ್ಲಿ ಹೋಗಲಿ.

ಇಮ್ಮಿಚ್‌ನಂಥದ್ದರಲ್ಲಿ ಫೋಟೊಗಳ ಫೋಲ್ಡರ್ ಮಾತ್ರ ಉಳಿಸಿದರೆ ಆಲ್ಬಂ, ಮುಖಗಳ ಹೆಸರು, ಯಾರ ಫೋಟೊ ಯಾವುದು ಎಂಬುದೆಲ್ಲ ಹೋಗುತ್ತದೆ. ಅವು ಡೇಟಾಬೇಸಿನಲ್ಲಿವೆ, ಅದರ ಪ್ರತಿಯನ್ನೂ ಜೊತೆಗೇ ತೆಗೆಯಬೇಕು. ಮರಳಿ ಪಡೆದು ನೋಡದ ಬ್ಯಾಕಪ್ಪನ್ನು ನಂಬಬಾರದು. ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿ ರಜೆಯಲ್ಲಿ ಒಮ್ಮೆ, ಬೇರೆ ಲ್ಯಾಪ್‌ಟಾಪಿಗೆ ಒಂದು ವರ್ಷದ ಫೋಟೊ ಇಳಿಸಿ ತೆರೆದು ನೋಡಿ.

ತಂತ್ರಾಂಶದ ದೊಡ್ಡ ಬದಲಾವಣೆಗಳನ್ನೂ ಈ ಎರಡು ಭೇಟಿಗಳಿಗೇ ಇಟ್ಟುಕೊಳ್ಳಿ, ಭದ್ರತೆಯ ಸಣ್ಣ ಪರಿಷ್ಕರಣೆ ಮಾತ್ರ ತಾನಾಗಿ ಆಗಲಿ. ಮೇ ಭೇಟಿಯಲ್ಲಿ ಬಿಡಿಭಾಗಗಳನ್ನೂ ತಂದಿಡಬೇಕು: 12 ವೋಲ್ಟಿನ ಎರಡು ಅಡಾಪ್ಟರ್, ಸೆಟ್ಟಿಂಗ್ ತುಂಬಿದ ಹಳೆಯ ರೂಟರ್ ಒಂದು, ಎರಡು ಪ್ಯಾಚ್ ಕೇಬಲ್. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ಈ ಜಿಲ್ಲೆ ಮರೆತಿಲ್ಲ. ಮಳೆ ಜೋರಾದ ಮೇಲೆ ಪೇಟೆಯಿಂದ ಸಾಮಾನು ಬರುತ್ತದೆ ಎಂದು ಲೆಕ್ಕ ಹಾಕಬಾರದು.

ಕೊನೆಗೆ ಗೋಡೆಗೊಂದು ಕಾಗದ. ಓಎನ್‌ಟಿ, ರೂಟರ್, ಸರ್ವರ್‌ಗಳ ಪ್ಲಗ್ಗುಗಳಿಗೆ ಕ್ರಮವಾಗಿ 1, 2, 3 ಎಂದು ಬಣ್ಣದ ಚೀಟಿ ಅಂಟಿಸಿ, ಅಜ್ಜಿಗೂ ಕಾಣುವ ದಪ್ಪ ಅಕ್ಷರದಲ್ಲಿ ಬರೆಯಿರಿ. ನೆಟ್ ಇಲ್ಲದಿದ್ದರೆ 1 ಮತ್ತು 2 ತೆಗೆಯಿರಿ. ನೂರು ಎಣಿಸಿ. 1 ಹಾಕಿ, ಹಸಿರು ದೀಪ ನಿಲ್ಲುವ ತನಕ ಮೂರು ನಿಮಿಷ ಕಾಯಿರಿ. ಆಮೇಲೆ 2 ಹಾಕಿ. ಕೆಂಪು ದೀಪ ಮಿಣುಕುತ್ತಿದ್ದರೆ ತಪ್ಪು ಮನೆಯೊಳಗಿಲ್ಲ, ಲೈನ್‌ಮನ್‌ಗೆ ಫೋನ್ ಮಾಡಿ. ನೆಟ್ ಇದ್ದು ಫೋಟೊ ಮಾತ್ರ ಬಾರದಿದ್ದರೆ 3ನ್ನು ಮುಟ್ಟಬೇಡಿ, ಸಂಜೆಯ ತನಕ ಬಿಡಿ. ಸುಟ್ಟ ವಾಸನೆ ಬಂದರೆ ಮೂರನ್ನೂ ತೆಗೆಯಿರಿ, ವಾಸನೆ 3ರ ಪೆಟ್ಟಿಗೆಯಿಂದಲೇ ಎಂದು ಖಚಿತವಾದರೆ 1 ಮತ್ತು 2 ಹಾಕಿಕೊಳ್ಳಿ. ನೆಟ್ ನಡೆಯುತ್ತದೆ, ಫೋಟೊಗಳು ಅತ್ತೆಯ ಮನೆಯಲ್ಲಿವೆ.